ಹಾಲುಹಲ್ಲಿನ ಹುಳುಕು, ಹೃದಯಕ್ಕೆ ಕೆಡುಕು

ತುಂಗೆಯ ದಡದ ಹರಿಹರಪುರದಲ್ಲಿ ಆರು ವರ್ಷದ ಮಗುವೊಂದಿದೆ ಎಂದು ಭಾವಿಸಿ. ಹುಟ್ಟಿನಿಂದಲೇ ಅದರ ಹೃದಯದಲ್ಲಿ ದೋಷವುಂಟು. ಅತ್ತರೆ ತುಟಿ ನೀಲಿಗಟ್ಟುತ್ತದೆ. ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ. ದೋಸೆಗೆ ಜೋನಿಬೆಲ್ಲವಿಲ್ಲದೆ ಅದು ಬಾಯಿ ತೆರೆಯದು. ಆಗಲೇ ಎರಡು ದವಡೆಹಲ್ಲುಗಳು ಹುಳುಕಾಗಿವೆ. “ಹಾಲುಹಲ್ಲು ತಾನೆ? ಇಂದಲ್ಲ ನಾಳೆ ಬೀಳುವುದೇ” ಎನ್ನುತ್ತಾರೆ ಅಜ್ಜಿ. ಮಾತು ಸುಳ್ಳಲ್ಲ. ಆದರೆ ಬೀಳುವ ಮುನ್ನ ಆ ಹಲ್ಲು ತರಬಹುದಾದ ಕೇಡು ಸಣ್ಣದಲ್ಲ.

ಬಾಯಿಯಲ್ಲಿ ಸ್ಟ್ರೆಪ್ಟೊಕಾಕಸ್ ಜಾತಿಯ ರೋಗಾಣುಗಳು ಸದಾ ವಾಸಿಸುತ್ತವೆ. ಹುಳುಕು ಹಲ್ಲು, ಊದಿದ ಒಸಡುಗಳಿದ್ದರೆ, ಅಗಿಯುವಾಗಲೂ ಉಜ್ಜುವಾಗಲೂ ಅವು ರಕ್ತವನ್ನು ಸೇರುವುದು ಸುಲಭ. ಆರೋಗ್ಯವಂತರ ದೇಹ ಅವನ್ನು ಬೇಗನೆ ನಾಶಮಾಡುತ್ತದೆ. ದೋಷವಿರುವ ಹೃದಯದಲ್ಲಿಯಾದರೋ, ರಕ್ತವು ರಭಸದಿಂದ ಚಿಮ್ಮಿ ಒಳಪೊರೆ ಒರಟಾಗಿರುತ್ತದೆ. ಹೊಳೆಯಲ್ಲಿ ತೇಲಿಬಂದ ಕಸ ಬಂಡೆಗೆ ತಡೆದು ನಿಲ್ಲುವಂತೆ ರೋಗಾಣುಗಳು ಅಲ್ಲಿ ನೆಲೆಯೂರಿ ಕವಾಟವನ್ನು ಕೆಡಿಸುತ್ತವೆ. ಅಲ್ಲಿಂದ ಕಳಚಿದ ತುಣುಕು ಮೆದುಳಿಗೂ ಹೋಗಬಹುದು. ಬಾಯಿಗೂ ಈ ರೋಗಕ್ಕೂ ಇರುವ ನಂಟನ್ನು ಲಂಡನ್ನಿನ ವೈದ್ಯ ಥಾಮಸ್ ಹಾರ್ಡರ್ 1909ರಲ್ಲಿಯೇ ಗುರುತಿಸಿದ್ದರು. ಪೆನಿಸಿಲಿನ್ ಬರುವವರೆಗೆ ಈ ರೋಗ ತಗುಲಿದವರು ಬದುಕುಳಿದದ್ದು ಅಪರೂಪ. ಇಂದಿಗೂ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಕಾಲ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ.

ಆದುದರಿಂದ ಕೊಪ್ಪದಲ್ಲಾಗಲಿ ಮಣಿಪಾಲದಲ್ಲಾಗಲಿ, ಹಲ್ಲಿನ ವೈದ್ಯರ ಮುಂದೆ ಕುಳಿತಾಗ ಹೆತ್ತವರ ಮೊದಲ ಮಾತು ಮಗುವಿನ ಹೃದಯದ ವಿಷಯವಾಗಿರಲಿ. ಹೃದಯದೋಷವಿರುವ ಎಲ್ಲ ಮಕ್ಕಳಿಗೂ ಮುಂಜಾಗ್ರತೆಯ ಔಷಧ ಬೇಕಿಲ್ಲ. ಅಮೆರಿಕದ ಹೃದ್ರೋಗ ಸಂಘವು 2007ರಲ್ಲಿ ಅದನ್ನು ಹೆಚ್ಚಿನ ಅಪಾಯವುಳ್ಳವರಿಗೆ ಸೀಮಿತಗೊಳಿಸಿತು. ಕೃತಕ ಕವಾಟವುಳ್ಳವರು, ಹಿಂದೆ ಈ ಸೋಂಕು ತಗುಲಿದ್ದವರು, ಶಸ್ತ್ರಚಿಕಿತ್ಸೆಯಾಗದ ನೀಲಿ ಮಕ್ಕಳು ಅವರಲ್ಲಿ ಸೇರಿದ್ದಾರೆ. ಇಂಥವರಿಗೆ ಹಲ್ಲು ಕೀಳುವ 30ರಿಂದ 60 ನಿಮಿಷ ಮೊದಲು, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಅನ್ನು ಒಂದೇ ಬಾರಿ ಕೊಡುವುದುಂಟು. ಅಳತೆಯನ್ನು ಮಗುವಿನ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

ಇಂಥ ಮಗುವಿಗೆ ಕಾರಣ ತಿಳಿಯದ ಜ್ವರ ಹಲವು ದಿನ ಬಿಡದೆ ಕಾಡಿ, ಊಟ ಸೇರದೆ ಸೊರಗಿದರೆ, ಮನೆಯಲ್ಲಿ ಉಳಿದ ಮಾತ್ರೆಯನ್ನು ನುಂಗಿಸಬಾರದು. ಹಾಗೆ ಮಾಡಿದರೆ ರಕ್ತಪರೀಕ್ಷೆಯಲ್ಲಿ ರೋಗಾಣು ಸಿಕ್ಕದೆ ಹೋಗಬಹುದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎಲ್ಲಕ್ಕಿಂತ ಮಿಗಿಲಾದ ರಕ್ಷಣೆ ಮನೆಯಲ್ಲಿಯೇ ಇದೆ. ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ ಹಿರಿಯರೇ ಹಲ್ಲುಜ್ಜಿಸಲಿ. ಬೆಲ್ಲ ಊಟದ ಜೊತೆಗಷ್ಟೇ ಇರಲಿ. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ. ಹಾಲುಹಲ್ಲು ತಾನಾಗಿ ಬಿದ್ದರೆ ಯಾವ ಔಷಧವೂ ಬೇಕಿಲ್ಲ. ಅಜ್ಜಿ ಹೇಳಿದಂತೆ ಅದು ಬೀಳಲಿ, ಆದರೆ ಹುಳುಕಿಲ್ಲದೆ ಬೀಳಲಿ.