ತೆನೆ ಯಾರ ಗದ್ದೆಯದು?

ಸೆಪ್ಟೆಂಬರ್ 8 ಬಂತೆಂದರೆ ಕರಾವಳಿಯ ಚರ್ಚುಗಳಲ್ಲಿ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ತಂದು, ಬಲಿಪೂಜೆಯ ಬಳಿಕ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಪರವೂರಿನಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಹೋಗುವ ಒಣಗಿದ ತೆನೆಯೂ ಇದೆ.

ಆದರೆ ಒಂದು ವಾಳೆಯಲ್ಲಿ ಈಗ ಗದ್ದೆ ಇರುವ ಮನೆಗಳೆಷ್ಟು? ಗದ್ದೆಗಳು ಅಡಿಕೆ ತೋಟವಾದವು, ನಿವೇಶನಗಳಾದವು. ತೆನೆ ಹೊಂದಿಸುವುದೇ ಹಬ್ಬದ ಸಮಿತಿಗೆ ಒಂದು ಕೆಲಸ. ಮಕ್ಕಳಿಗಂತೂ ಅದು ಚರ್ಚಿನಲ್ಲಿ ಸಿಗುವ ವಸ್ತು, ಗದ್ದೆಯದ್ದಲ್ಲ.

ಇಂದಿನ ಮನುಷ್ಯ ಸಂಕೇತಗಳನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಂಡಿದ್ದಾನೆಂದು ದಿವಂಗತ ಪೋಪ್ ಫ್ರಾನ್ಸಿಸ್ 2022ರ ಜೂನ್ 29ರ ತಮ್ಮ ಪತ್ರದಲ್ಲಿ ಚಿಂತಿಸಿದ್ದರು. ನಮ್ಮಲ್ಲಿ ಇದಕ್ಕೆ ಸಿಗುವ ಸುಲಭ ಪರಿಹಾರ ಇನ್ನಷ್ಟು ಅಲಂಕಾರ, ಇನ್ನಷ್ಟು ವಿವರಣೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ, ಭಾರತದ ಪೂಜಾವಿಧಿಗೆ ಆರತಿ, ಅಂಜಲಿ, ಎಣ್ಣೆದೀಪ ಮೊದಲಾದ ಹನ್ನೆರಡು ಅಂಶಗಳಿಗೆ ರೋಮ್ ಅನುಮತಿ ಕೊಟ್ಟಿತು. ಅವುಗಳಲ್ಲಿ ದೀಪ ಉಳಿದಿದೆ, ಆರತಿಯೂ ಉಳಿದಿದೆ - ಹೆಚ್ಚಾಗಿ ಅತಿಥಿಗಳು ಬಂದಾಗ, ಫೋಟೋಗೆ!

ಸಂಕೇತ ಬದುಕುವುದು ದುಡಿಮೆಯ ನಂಟಿನಿಂದ ಎಂಬುದು ನಮ್ಮ ಅಭಿಪ್ರಾಯ. ಹಬ್ಬದ ದಿನ ನಮ್ಮ ಮಕ್ಕಳ ಕೈಗೆ ಕೊಡುವ ಕಬ್ಬನ್ನೇ ನೋಡೋಣ. ಇಲ್ಲಿ ಅದು ವರ್ಷಕ್ಕೊಮ್ಮೆಯ ಸಿಹಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಅದೇ ಕಬ್ಬು ವರ್ಷದ ಅನ್ನ, ಮಗಳ ಮದುವೆ, ಬ್ಯಾಂಕಿನ ಸಾಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯಲ್ಲಿ ಕುಳಿತರು. ಕೊನೆಗೆ ಸರಕಾರ 3,300 ರೂಪಾಯಿ ಘೋಷಿಸಿತು. ಹುಕ್ಕೇರಿಯ ಕಣಗಲಾದಂತಹ ಊರಿನಲ್ಲಿ ಪೀಠದ ಮುಂದೆ ಒಂದು ಜಲ್ಲೆ ಕಬ್ಬು ಇಟ್ಟರೆ ಅದಕ್ಕೆ ವಿವರಣೆ ಬೇಡ. ಅಲ್ಲಿಗೆ ನಮ್ಮ ಭತ್ತದ ತೆನೆಯನ್ನು ಹೊತ್ತೊಯ್ದರೆ ಅದು ಕರಾವಳಿಯ ನೆನಪು ಮಾತ್ರ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಆ ಜನರಿಗೆ ಬೆಳೆಯ ಮುಂದೆ ಕೈಮುಗಿಯುವುದನ್ನು ನಾವು ಹೇಳಿಕೊಡಬೇಕಾಗಿಯೂ ಇಲ್ಲ. ಕರಾವಳಿಯಿಂದ ಉತ್ತರ ಕರ್ನಾಟಕಕ್ಕೆ ಸೇವೆಗೆ ಹೋಗುವ ಧರ್ಮಗುರುಗಳು, ಧರ್ಮಭಗಿನಿಯರು ಇದನ್ನು ಗಮನಿಸುವುದು ಒಳ್ಳೆಯದು.

ಹಾಗೆಂದು ಗದ್ದೆ ಇಲ್ಲದ ಚರ್ಚಿನಲ್ಲಿ ತೆನೆ ಹಬ್ಬವನ್ನು ಬಿಡಬೇಕೆಂದಲ್ಲ. ಪಾಲನಾ ಮಂಡಳಿಗಳು ಈ ಬಾರಿ ಒಂದು ಸಣ್ಣ ಕೆಲಸ ಮಾಡಬಹುದು. ತೆನೆ ಯಾರ ಗದ್ದೆಯದು, ನಾಟಿ ಮಾಡಿದವರು ಯಾರು ಎಂದು ಬಲಿಪೂಜೆಗೆ ಮೊದಲು ಓದಿ ಹೇಳಲಿ. ಆ ರೈತರು ಯಾವ ಧರ್ಮದವರೇ ಇರಲಿ, ಒಪ್ಪಿದರೆ ಮೆರವಣಿಗೆಯ ಮುಂದೆ ತೆನೆ ಹೊರಲಿ. ಗಣ್ಯರು ಹಿಂದೆ ನಡೆಯಬಹುದು. ಕ್ರಯಕ್ಕೆ ತಂದ ತೆನೆಯಾದರೆ, ಅದಕ್ಕೆ ಕೊಟ್ಟ ಕ್ರಯ ನ್ಯಾಯವಾದುದೇ ಎಂದೂ ವಿಚಾರಿಸಲಿ.