ಹೊಸ ಕಾರಿಗೆ ಹಸಿವು ಹೆಚ್ಚೇ?

ಹೊಸ ಕಾರು ಕೊಂಡ ಮಿತ್ರರೊಬ್ಬರು ಸಪ್ಪೆ ಮುಖ ಹೊತ್ತು ಬಂದರು. 'ಲೀಟರಿಗೆ 20 ಕಿ.ಮೀ. ಅಂದಿದ್ದರು, 13 ದಾಟುತ್ತಿಲ್ಲ. ಮೋಸ ಹೋದೆನೇ?' ಎಂಬುದು ಅವರ ಅಳಲು.

ಕಂಪೆನಿ ಹೇಳುವ ಅಂಕಿ ಪ್ರಯೋಗಶಾಲೆಯದು. ಅಲ್ಲಿ ಕಾರು ಉರುಳೆಗಳ ಮೇಲೆ ಓಡುತ್ತದೆ; ಗುಂಡಿಗಳಿಲ್ಲ, ಜಾಮ್ ಇಲ್ಲ. ಆದ್ದರಿಂದ ಮೊದಲು ನೀವೇ ಅಳೆಯಿರಿ. ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. 300 ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಓಡಿದ ದೂರವನ್ನು ಈಗ ಹಿಡಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಲೆಕ್ಕ ಹಾಕಿ.

ಆಗಲೂ ಕಡಿಮೆಯೇ? ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಪ್ರತಿಸಲ ಒಂದೆರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಓಡಿಸಿ ನಿಂತಾಗ ಒಂದೇ ಚಕ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಅದು ಬರೀ ಮೈಲೇಜಿನ ಮಾತಲ್ಲ, ಅಪಾಯ, ಅಂದೇ ತೋರಿಸಿ.

ನಮ್ಮ ಮಿತ್ರರ ಕಾರಿಗೂ ಆದದ್ದು ಅದೇ. ಬರೆದಿಟ್ಟ ಲೆಕ್ಕ ಕಂಡ ಮೇಲೆ ವರ್ಕ್‌ಶಾಪಿನವರು ವಾದಿಸಲಿಲ್ಲ, ವಾರಂಟಿಯಲ್ಲೇ ಸರಿಮಾಡಿಕೊಟ್ಟರು. ಮೈಲೇಜು ಈಗಲೂ 20 ಅಲ್ಲ, 16. ಮಿತ್ರರಿಗೆ ಅಷ್ಟೇ ಸಮಾಧಾನ.