ಪರರ ತಟ್ಟೆಯ ತತ್ತಿ, ನಮ್ಮ ತಟ್ಟೆಯ ಹೋಳಿಗೆ

ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಮಠವೊಂದರ ಪ್ರವಚನಕ್ಕೆ ಹೋಗಿದ್ದೆ. ಅತಿಥಿಯಾಗಿ ಬಂದಿದ್ದ ಉಪನ್ಯಾಸಕರು ಆಹಾರದ ವಿಷಯ ಎತ್ತಿಕೊಂಡರು. ಸಸ್ಯಾಹಾರಿಗಳ ಹತ್ತಿರ ರೋಗ ಸುಳಿಯುವುದಿಲ್ಲ, ಕೊರೊನಾ ಕಾಲದಲ್ಲಿ ಅದು ಸಾಬೀತಾಗಿದೆ, ಶಾಲೆಯಲ್ಲಿ ತತ್ತಿ ಕೊಟ್ಟು ಸರ್ಕಾರ ಮಕ್ಕಳನ್ನು ಕೆಡಿಸುತ್ತಿದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಪ್ರಸಾದಕ್ಕೆ ಕುಳಿತೆವು. ನನ್ನ ಪಕ್ಕದ ಹಿರಿಯರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಮೂರನೆಯ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡರು.

ನಾನು ಚಪ್ಪಾಳೆ ತಟ್ಟಲಿಲ್ಲ. ಹುಟ್ಟಿದಾಗಿನಿಂದ ನಾನು ಸಸ್ಯಾಹಾರಿ. ನನ್ನ ಎದೆಯ ಮೇಲೆ ಇಷ್ಟಲಿಂಗವಿದೆ. ನನ್ನ ಅಡುಗೆಮನೆಗೆ ಈವರೆಗೆ ತತ್ತಿ ಬಂದಿಲ್ಲ, ಮುಂದೆಯೂ ಬರುವುದಿಲ್ಲ. ಆದರೆ ಬಸವಣ್ಣನವರ ಹೆಸರು ಹೇಳುವ ವೇದಿಕೆಯಿಂದ ಸುಳ್ಳು ಹೊರಡಬಾರದು. ಕೊರೊನಾದಲ್ಲಿ ನಮ್ಮ ಕೇರಿಗಳಲ್ಲಿ ಸತ್ತವರೆಲ್ಲ ಮಾಂಸ ತಿಂದವರೇ? ನೇಮ, ನಿಷ್ಠೆ, ಶುದ್ಧ ಸಸ್ಯಾಹಾರ ಎಲ್ಲವೂ ಇದ್ದ ಮನೆಗಳಿಂದಲೂ ಹೆಣ ಹೊರಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ರೋಗದ ಹೊಡೆತವನ್ನು ತಗ್ಗಿಸಿದ್ದು ಲಸಿಕೆಯೇ ಹೊರತು ಊಟದ ಪಂಕ್ತಿಯಲ್ಲ.

ಹಾಗಾದರೆ ಆಹಾರಕ್ಕೂ ರೋಗನಿರೋಧಕ ಶಕ್ತಿಗೂ ಸಂಬಂಧವಿಲ್ಲವೇ? ಖಂಡಿತ ಇದೆ, ಆದರೆ ಉಪನ್ಯಾಸಕರು ಹೇಳಿದ ರೀತಿಯಲ್ಲಿ ಅಲ್ಲ. ರೋಗಾಣುವಿನೊಡನೆ ಹೋರಾಡುವ ಪ್ರತಿಕಾಯಗಳು ಪ್ರೋಟೀನಿನಿಂದಲೇ ಆದವು. ರಕ್ತದ ಬಿಳಿ ಕಣಗಳು ಬೆಳೆಯಲು ಸತು, ಕಬ್ಬಿಣ, ಬಿ12, ಫೋಲೇಟ್ ಬೇಕು. ಮೂಗು, ಗಂಟಲು, ಕರುಳಿನ ಒಳಪದರ ಗಟ್ಟಿಯಾಗಿರಲು ಎ ಜೀವಸತ್ವ ಬೇಕು. ಅದು ಕಡಿಮೆಯಾದ ಮಗುವಿಗೆ ದಡಾರ ಬಂದರೆ ಕಣ್ಣಿಗೂ ಪ್ರಾಣಕ್ಕೂ ಅಪಾಯ. ಅರೆಹೊಟ್ಟೆಯ ಮಗುವಿಗೆ ಬೇಗ ಭೇದಿ ಹತ್ತುತ್ತದೆ, ಭೇದಿಯಾದಾಗ ಹಸಿವು ಇಂಗುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ, ಮಗು ಇನ್ನಷ್ಟು ಸೊರಗುತ್ತದೆ. ಅಪೌಷ್ಟಿಕತೆ ಮತ್ತು ಸೋಂಕು ಒಂದನ್ನೊಂದು ಬೆಳೆಸುವ ಈ ವಿಷಚಕ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲೇ ಒಂದು ಗ್ರಂಥವಾಗಿ ಪ್ರಕಟಿಸಿದೆ. ದೇಹ ಕೇಳುವುದು ಈ ಪೋಷಕಾಂಶಗಳು ಸಾಕಷ್ಟು ಬಂದವೇ ಎಂದು. ಅವು ಯಾವ ಜಾತಿಯ ಅಡುಗೆಮನೆಯಿಂದ ಬಂದವು ಎಂದು ಅದು ಕೇಳುವುದಿಲ್ಲ.

ಈಗ ನಮ್ಮ ನಾಡಿನ ಸ್ಥಿತಿ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಇವೇ ಮಕ್ಕಳು ಮುಂದೆ ಶಾಲೆಗೆ ಬಂದು ಬಿಸಿಯೂಟದ ಸಾಲಿನಲ್ಲಿ ಕೂರುತ್ತವೆ.

2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ತತ್ತಿ ಕೊಡಲು ಆರಂಭಿಸಿದರು. ಬೇಡ ಎಂದವರಿಗೆ ಬಾಳೆಹಣ್ಣು. ಯಾರ ಬಾಯಿಗೂ ಬಲವಂತವಾಗಿ ತುರುಕಲಿಲ್ಲ. ಆದರೂ ನಮ್ಮ ಕೆಲವು ಮಠಾಧೀಶರು, ಸಂಘಟನೆಗಳು ಬೀದಿಗಿಳಿದರು. ಆ ಏಳು ಜಿಲ್ಲೆಗಳಲ್ಲಿ ಕೂಲಿಗೆ ಹೋಗುವವರ, ಗುಳೆ ಹೋಗುವವರ ಮಕ್ಕಳು ಎಷ್ಟಿದ್ದಾರೆ ಎಂಬುದು ಮಠಗಳಿಗೆ ಗೊತ್ತಿಲ್ಲದ್ದೇನಲ್ಲ. ಆ ಮಕ್ಕಳ ಹೊಟ್ಟೆಯ ಪರವಾಗಿ ಎಂದೂ ಬೀದಿಗಿಳಿಯದ ನಾವು ಅವರ ತಟ್ಟೆಯ ತತ್ತಿ ತೆಗೆಸಲು ಇಳಿದೆವು. ಇದಕ್ಕೆ ಗಣಾಚಾರ ಎಂದು ಹೆಸರಿಡಲು ನನ್ನಿಂದಾಗದು.

ವಿರೋಧಿಸುವವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ಅಹಿಂಸೆ ನಮ್ಮ ಆಚಾರ ಎನ್ನುತ್ತಾರೆ. ಒಪ್ಪಿದೆ, ನಾನೂ ಅದನ್ನು ಪಾಲಿಸುತ್ತೇನೆ. ಆದರೆ ಆಚಾರವೆಂಬುದು ದೀಕ್ಷೆಯೊಡನೆ ತಾನಾಗಿ ಒಪ್ಪಿ ನಡೆಯುವಂಥದು. ಲಿಂಗ ಕಟ್ಟದ ಮಗುವಿನ ಮೇಲೆ, ಬೇರೆ ನಂಬಿಕೆಯ ಮಗುವಿನ ಮೇಲೆ ಸರ್ಕಾರಿ ಸುತ್ತೋಲೆಯ ಮೂಲಕ ಅದನ್ನು ಹೇರಿದರೆ ಅದು ಆಚಾರವಾಗಿ ಉಳಿಯುವುದಿಲ್ಲ, ದರ್ಪವಾಗುತ್ತದೆ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ದಿನದ ಅಳತೆಗಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನೇ ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು. ಪರರ ಪಾಲನ್ನು ಮುಟ್ಟದ ಆ ತಾಯಿಯ ಮಕ್ಕಳು ನಾವು. ಪರರ ತಟ್ಟೆಗೆ ಕೈ ಹಾಕಬಹುದೇ?

ತತ್ತಿಯಿಂದ ಪಂಕ್ತಿಭೇದವಾಗುತ್ತದೆ ಎನ್ನುತ್ತಾರೆ. ಒಂದೇ ಸಾಲಿನಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನ ಕೈಯಲ್ಲಿ ತತ್ತಿ, ಇನ್ನೊಬ್ಬನ ಕೈಯಲ್ಲಿ ಬಾಳೆಹಣ್ಣು ಇದ್ದರೆ ಅದು ಭೇದವಲ್ಲ. ತತ್ತಿ ತಿನ್ನುವವನು ಕೀಳು ಎಂದು ಮನೆಯಲ್ಲಿ ನಾವು ಕಲಿಸಿದಾಗ ಭೇದ ಹುಟ್ಟುತ್ತದೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಇವರನ್ನೆಲ್ಲ ನಮ್ಮವರೆಂದು ಅಪ್ಪಿಕೊಂಡ ಪರಂಪರೆಯವರು ಈ ಅಸಹ್ಯವನ್ನು ಮಕ್ಕಳಿಗೆ ಉಣಿಸಬಾರದು.

ಬೇಳೆಕಾಳಿನಲ್ಲೇ ಎಲ್ಲವೂ ಇದೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ. ಬೇಳೆಯಿಂದ ಅಷ್ಟೇ ಪ್ರೋಟೀನ್ ಬರಬೇಕಾದರೆ ಒಂದು ಮಗುವಿನ ಪಾಲಿಗೆ 25ರಿಂದ 30 ಗ್ರಾಂ ಒಣ ತೊಗರಿಬೇಳೆ ಬೀಳಬೇಕು. ತಳ ಕಾಣುವಷ್ಟು ತೆಳ್ಳಗಿನ ಸಾರಿನಲ್ಲಿ ಅಷ್ಟು ಬೇಳೆ ಎಲ್ಲಿಂದ ಬರಬೇಕು? ಬಿ12 ಅಂತೂ ಬೇಳೆಯಲ್ಲಿ ಇಲ್ಲವೇ ಇಲ್ಲ, ಸಸ್ಯಾಹಾರಿಗಳಾದ ನಮಗೆ ಅದು ಹಾಲು, ಮೊಸರಿನಿಂದಲೇ ಬರಬೇಕು. 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಗೆ ಬರುತ್ತಿರುವುದು ಒಳ್ಳೆಯದೇ. ಆದರೆ ಹಾಲಿದೆಯೆಂದು ತತ್ತಿ ಕಸಿಯುವುದು ನ್ಯಾಯವಲ್ಲ. ತತ್ತಿ ಅಮೃತವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಸಿ ಜೀವಸತ್ವವಿಲ್ಲ, ನಾರಿಲ್ಲ, ಅದೊಂದರಿಂದಲೇ ರಕ್ತಹೀನತೆ ಹೋಗುವುದಿಲ್ಲ. ಸೊಪ್ಪು, ಕಾಳು, ಹಣ್ಣು ಎಲ್ಲರಿಗೂ ಬೇಕೇ ಬೇಕು.

ಇನ್ನು ನಮ್ಮ ತಟ್ಟೆಗೆ ಬರೋಣ. ಸಸ್ಯಾಹಾರವೆಂಬ ಹೆಸರೊಂದೇ ಯಾರನ್ನೂ ಕಾಯುವುದಿಲ್ಲ. ನಮ್ಮ ಹಿರಿಯರು ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆಕಾಳು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಮಜ್ಜಿಗೆ ಉಂಡರು. ಜೋಳದಲ್ಲಿ ಕಡಿಮೆಯಿರುವುದನ್ನು ಬೇಳೆ ತುಂಬುತ್ತಿತ್ತು. ಸೊಪ್ಪು, ಕಾಳು, ಜೋಳದ ನಾರು ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರ. ಅವು ಅದನ್ನು ಹುಳಿಸಿ ಕೊಡುವ ಆಮ್ಲಗಳು ಕರುಳಿನ ರಕ್ಷಣಾ ಕಣಗಳನ್ನು ಹದದಲ್ಲಿಡುತ್ತವೆ. ಇಂದು ನಾವು ಉಣ್ಣುತ್ತಿರುವುದೇನು? ಬಿಳಿ ಅನ್ನ, ಮೈದಾ, ಬಜ್ಜಿ, ಬೂಂದಿ, ದಿನಕ್ಕೆ ಐದು ಸಲ ಸಕ್ಕರೆ ಚಹಾ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಬಿಳಿ ಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಯ ಮಾಯುವುದಿಲ್ಲ, ಕ್ಷಯದಂಥ ಸೋಂಕು ಬೇಗ ಹಿಡಿಯುತ್ತದೆ. ನನ್ನ ಪಕ್ಕ ಕುಳಿತಿದ್ದ ಹಿರಿಯರಿಗೆ ಅಪಾಯವಿದ್ದದ್ದು ಯಾವುದೋ ಹುಡುಗ ಶಾಲೆಯಲ್ಲಿ ತಿಂದ ತತ್ತಿಯಿಂದಲ್ಲ, ತಮ್ಮ ಮುಂದಿದ್ದ ಹೋಳಿಗೆಯಿಂದ.

ದಾಸೋಹವನ್ನು ಲೋಕಕ್ಕೆ ತೋರಿಸಿಕೊಟ್ಟವರು ನಾವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಆ ದಾರಿಯಲ್ಲಿ ನಡೆಯುವ ಮಠಗಳಿಗೆ ನನ್ನದು ಇಷ್ಟೇ ಬಿನ್ನಹ. ನಿಮ್ಮ ಪ್ರಸಾದ ನಿಲಯಗಳಲ್ಲಿ ಬೇಳೆ ಗಟ್ಟಿಯಾಗಲಿ. ದಿನವೂ ಸೊಪ್ಪು, ಹಿಂಡಿ, ಮಜ್ಜಿಗೆ ಇರಲಿ. ವಾರಕ್ಕೆರಡು ಸಲವಾದರೂ ಮೊಳಕೆಕಾಳು, ಊಟದ ಜೊತೆ ಒಂದು ಹೋಳು ನಿಂಬೆ ಬರಲಿ. ನಿಂಬೆಯ ಹುಳಿ ಕಬ್ಬಿಣಾಂಶವನ್ನು ಮೈಗೆ ಹತ್ತಿಸುತ್ತದೆ, ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ತಡೆಯುತ್ತದೆ. ಮಕ್ಕಳ ಎತ್ತರ, ತೂಕ ಅಳೆದು ಬರೆದಿಡಿ. ಸರ್ಕಾರಕ್ಕೆ ಮನವಿ ಕೊಡುವುದಾದರೆ, ತತ್ತಿ ನಿಲ್ಲಿಸಿ ಎಂದು ಕೊಡಬೇಡಿ. ತತ್ತಿ ತಿನ್ನದ ಮಗುವಿಗೆ ಬರಿಯ ಬಾಳೆಹಣ್ಣಿನ ಬದಲು ಅಷ್ಟೇ ಪ್ರೋಟೀನಿನ ಕಾಳು, ಶೇಂಗಾ ಕೊಡಿ ಎಂದು ಕೇಳಿ. ಆ ಮನವಿಗೆ ಮೊದಲ ಸಹಿ ನಾನು ಹಾಕುತ್ತೇನೆ.

ಮುಂದಿನ ಶ್ರಾವಣದಲ್ಲಿ ಅದೇ ಉಪನ್ಯಾಸಕರು ಮತ್ತೆ ಬಂದರೆ ನಾನು ಸುಮ್ಮನೆ ಕೂರುವುದಿಲ್ಲ. ಸಭೆಯಲ್ಲೇ ಎದ್ದು ನಿಂತು ಕೇಳುತ್ತೇನೆ. ಪ್ರಶ್ನೆ ಕೇಳುವುದನ್ನು ಅನುಭವ ಮಂಟಪ ನಮಗೆ ಕಲಿಸಿದೆ. ನೀವೂ ಎದ್ದು ನಿಲ್ಲಿರಿ.